ಮೊದಲ ವ್ರತ, ಅಂತಿಮ ವ್ರತ: ಕ್ಯಾಥೋಲಿಕ್ ಸಿಸ್ಟರ್ ಆಗುವ ಹಾದಿ ಹೇಗಿರುತ್ತದೆ?

ಅನುದಾನಿತ ಶಾಲೆಯಲ್ಲಿ ಪಾಠ ಹೇಳುವ ಸಿಸ್ಟರ್‌ಗೆ ಸರ್ಕಾರ ಸಂಬಳ ಕೊಡುತ್ತದೆ. ಆ ಹಣ ಅವರ ಕೈಯಲ್ಲಿ ಉಳಿಯುವುದಿಲ್ಲ, ಅವರು ಸೇರಿರುವ ಧಾರ್ಮಿಕ ಸಭೆಗೆ ಹೋಗುತ್ತದೆ. ಹಾಗಿದ್ದರೂ ಆ ಸಂಬಳದಲ್ಲಿ ಟಿಡಿಎಸ್ ಹಿಡಿಯಬಹುದೇ ಎಂಬ ವ್ಯಾಜ್ಯ ಬಹಳ ಕಾಲ ನಡೆದು, 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ‘ಹಿಡಿಯಬಹುದು’ ಎಂದು ಮುಗಿಸಿತು. ಸುದ್ದಿ ಓದಿದ ಹಲವರಿಗೆ ತೆರಿಗೆಗಿಂತ ಮೊದಲು ಬೇರೆಯೇ ಪ್ರಶ್ನೆ ಎದ್ದಿತು. ದುಡಿದದ್ದು ತನ್ನದಲ್ಲ ಎಂದು ಒಬ್ಬ ಹೆಣ್ಣುಮಗಳು ಒಪ್ಪಿಕೊಳ್ಳುವುದು ಯಾವಾಗ, ಯಾರ ಮುಂದೆ, ಎಷ್ಟು ಯೋಚಿಸಿ?

ಹೊರಗಿನವರ ಕಣ್ಣಿಗೆ ಇದು ಒಂದೇ ಜಿಗಿತದಂತೆ ಕಾಣುತ್ತದೆ: ಹುಡುಗಿ ಪಿಯುಸಿ ಮುಗಿಸಿದಳು, ಕಾನ್ವೆಂಟ್ ಸೇರಿದಳು, ಸಿಸ್ಟರ್ ಆದಳು. ಒಳಗಿನ ಲೆಕ್ಕ ಬೇರೆ. ಬಾಗಿಲು ದಾಟಿದ ದಿನದಿಂದ ಜೀವಮಾನಕ್ಕೆಂದು ತೊಡುವ ಅಂತಿಮ ವ್ರತದವರೆಗೆ ಸಾಮಾನ್ಯವಾಗಿ ಎಂಟರಿಂದ ಹತ್ತು ವರ್ಷ ಹಿಡಿಯುತ್ತದೆ. ಈ ಅವಧಿಯ ನಿಯಮಗಳನ್ನು ಓದಿದರೆ ಒಂದು ಸಂಗತಿ ಎದ್ದು ಕಾಣುತ್ತದೆ: ಅವುಗಳಲ್ಲಿ ಹೆಚ್ಚಿನವು ಇರುವುದು ಅವಸರ ಮಾಡುವವರನ್ನು ತಡೆಯುವುದಕ್ಕೆ.

## ಮೊದಲು ಲೆಕ್ಕ ಹಾಕು ಎಂದ ಗುರು

ಯೇಸು ತನ್ನನ್ನು ಹಿಂಬಾಲಿಸುವವರ ಮುಂದಿಟ್ಟ ಷರತ್ತುಗಳು ಕಠಿಣವೇ. ಲೂಕನ ಶುಭಸಂದೇಶದ 9ನೇ ಅಧ್ಯಾಯದಲ್ಲಿ ದಿನದಿನವೂ ಶಿಲುಬೆ ಹೊತ್ತು ಬರಬೇಕೆಂಬ ಮಾತಿದೆ. ಮಾರ್ಕನ 10ನೇ ಅಧ್ಯಾಯದಲ್ಲಿ ಶ್ರೀಮಂತನೊಬ್ಬನಿಗೆ ಇದ್ದದ್ದನ್ನೆಲ್ಲ ಮಾರಿ ಬಡವರಿಗೆ ಕೊಟ್ಟು ಬಾ ಎನ್ನುತ್ತಾನೆ. ಅವನು ಮುಖ ಬಾಡಿಸಿಕೊಂಡು ಹೊರಟುಹೋಗುತ್ತಾನೆ. ಲೂಕನ 14ನೇ ಅಧ್ಯಾಯದ ಸಾಮತಿ (ದೃಷ್ಟಾಂತ ಕಥೆ) ಇಷ್ಟು ಪ್ರಸಿದ್ಧವಲ್ಲ, ಆದರೆ ನಮ್ಮ ವಿಷಯಕ್ಕೆ ಅದೇ ಹೆಚ್ಚು ಮುಖ್ಯ: ಗೋಪುರ ಕಟ್ಟಹೊರಟವನು ಮೊದಲು ಕೂತು ಖರ್ಚಿನ ಲೆಕ್ಕ ಹಾಕದಿದ್ದರೆ ಅಡಿಪಾಯಕ್ಕೇ ಕೆಲಸ ನಿಂತು ನೋಡಿದವರೆಲ್ಲ ನಗುತ್ತಾರೆ.

ಮೂರನೆಯ ಶತಮಾನದ ಈಜಿಪ್ಟಿನಲ್ಲಿ ಆಂಟನಿ ಎಂಬ ಯುವಕ ಚರ್ಚಿನಲ್ಲಿ ಆ ಶ್ರೀಮಂತನ ಪ್ರಸಂಗ ಓದಿದ್ದನ್ನು ಕೇಳಿ ಪಿತ್ರಾರ್ಜಿತ ಜಮೀನನ್ನು ಕೊಟ್ಟುಬಿಟ್ಟು ಮರುಭೂಮಿಯ ದಾರಿ ಹಿಡಿದ. ಕ್ರೈಸ್ತ ಸನ್ಯಾಸದ ಆರಂಭದ ಕಥೆಗಳಲ್ಲಿ ಇದು ದೊಡ್ಡದು. ಅಂಥ ಉತ್ಸಾಹಕ್ಕೆ ಕಡಿವಾಣ ಹಾಕಿದವರು ಆರನೆಯ ಶತಮಾನದ ಇಟಲಿಯ ಬೆನೆಡಿಕ್ಟ್. ಅವರ ನಿಯಮಾವಳಿಯ 58ನೇ ಅಧ್ಯಾಯದ ಪ್ರಕಾರ, ಮಠಕ್ಕೆ ಬಂದವನನ್ನು ಸುಲಭಕ್ಕೆ ಒಳಗೆ ಬಿಡಬಾರದು. ನಾಲ್ಕೈದು ದಿನ ಬಾಗಿಲಲ್ಲೇ ಕಾಯಬೇಕು. ಒಳಗೆ ಬಂದ ಎರಡು ತಿಂಗಳಿಗೆ ನಿಯಮಾವಳಿಯನ್ನು ಪೂರ್ತಿ ಓದಿ ಹೇಳಬೇಕು, ಆಮೇಲೆ ಆರು ತಿಂಗಳಿಗೆ ಇನ್ನೊಮ್ಮೆ, ಮತ್ತೆ ನಾಲ್ಕು ತಿಂಗಳಿಗೆ ಮಗದೊಮ್ಮೆ. ಪ್ರತಿ ಸಲವೂ ಅವನು ಬಿಟ್ಟುಹೋಗಲು ಸ್ವತಂತ್ರ. ಕೂಡಿಸಿದರೆ ಹನ್ನೆರಡು ತಿಂಗಳು. ಇಂದಿಗೂ ನೊವಿಷಿಯೇಟಿನ, ಎಂದರೆ ವ್ರತಕ್ಕೆ ಮುಂಚಿನ ಪರೀಕ್ಷಾ ಕಾಲದ, ಕನಿಷ್ಠ ಅವಧಿ ಅಷ್ಟೇ. ವ್ರತ ತೊಟ್ಟ ಮೇಲೂ ಅವನ ಹಳೆಯ ಬಟ್ಟೆಗಳನ್ನು ಎಸೆಯದೆ ಉಗ್ರಾಣದಲ್ಲಿ ಇಟ್ಟಿರಬೇಕು ಎನ್ನುತ್ತದೆ ಅದೇ ಅಧ್ಯಾಯ. ಮುಂದೆಂದಾದರೂ ಬಿಟ್ಟುಹೋದರೆ ಮಠದ ಉಡುಪು ಕಳಚಿಟ್ಟು ಅವನ್ನು ತೊಟ್ಟು ಹೋಗಲಿ ಎಂದು.

## ಫಾದರ್ ಎಲ್ಲರೂ ಸನ್ಯಾಸಿಗಳಲ್ಲ

ಧರ್ಮಪ್ರಾಂತ್ಯದ (ಒಬ್ಬ ಬಿಷಪರ ಆಡಳಿತಕ್ಕೆ ಸೇರಿದ ಪ್ರದೇಶದ) ಪಾದ್ರಿ ಬಿಷಪರಿಗೆ ವಿಧೇಯತೆಯ ಮಾತು ಕೊಡುತ್ತಾರೆ, ಮದುವೆಯಾಗುವುದಿಲ್ಲ. ಆದರೆ ಬಡತನದ ವ್ರತ ಅವರಿಗಿಲ್ಲ, ಸ್ವಂತ ಆಸ್ತಿ ಇಟ್ಟುಕೊಳ್ಳಬಹುದು. ಜೆಸ್ವಿಟ್, ಕಪುಚಿನ್, ಕಾರ್ಮೆಲೈಟ್ ಮೊದಲಾದ ಸಭೆಗಳ ಫಾದರ್‌ಗಳು ಬಡತನ, ಬ್ರಹ್ಮಚರ್ಯ, ವಿಧೇಯತೆ ಎಂಬ ಮೂರೂ ವ್ರತ ತೊಟ್ಟವರು. ಸಿಸ್ಟರ್‌ಗಳಲ್ಲೂ ಎರಡು ಬಗೆ. ಶಾಲೆ, ಆಸ್ಪತ್ರೆ, ಹಳ್ಳಿ ಕೆಲಸ ಮಾಡುವವರು ಒಂದು; ಮಂಗಳೂರಲ್ಲಿ ನೆಲೆಯೂರಿದ ಅಪೋಸ್ತಲಿಕ್ ಕಾರ್ಮೆಲ್, 1921ರಲ್ಲಿ ಅಲ್ಲೇ ಹುಟ್ಟಿದ ಬೆಥನಿ ಸಭೆಗಳು ಇದಕ್ಕೆ ಸೇರಿದವು. ಮಠದ ಆವರಣ ಬಿಟ್ಟು ಹೊರಬಾರದೆ ಪ್ರಾರ್ಥನೆಯಲ್ಲೇ ಇರುವ ಕ್ಲೋಯ್ಸ್ಟರ್ ಸನ್ಯಾಸಿನಿಯರು ಇನ್ನೊಂದು. ಈ ಲೇಖನದಲ್ಲಿ ಮುಖ್ಯವಾಗಿ ಹೇಳುವುದು ಮೊದಲ ಬಗೆಯವರ ವಿಷಯ.

ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಈ ವ್ಯವಸ್ಥೆ ಸಾಮಾನ್ಯವಾಗಿ ಇಲ್ಲ. ಮಾರ್ಟಿನ್ ಲೂಥರ್ ಸ್ವತಃ ಮಠ ಬಿಟ್ಟು ಬಂದವರು, 1525ರಲ್ಲಿ ಮಾಜಿ ಸನ್ಯಾಸಿನಿ ಕಾಥರೀನಾ ಫಾನ್ ಬೋರಾ ಅವರನ್ನು ಮದುವೆಯಾದವರು. ಸಂಸಾರ, ಕಸುಬುಗಳ ನಡುವೆಯೇ ಶಿಷ್ಯತ್ವ ನಡೆಸಬೇಕು ಎಂಬುದು ಆ ಪರಂಪರೆಯ ನಿಲುವು. ಹಾಗೆಂದು ಕಟ್ಟುಪಾಡು ಕಡಿಮೆಯೇನೂ ಇರಲಿಲ್ಲ: 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಮಿಷನರಿಗಳು ಯಾರನ್ನು ಮದುವೆಯಾಗಬೇಕೆಂಬುದಕ್ಕೂ ಬಾಸೆಲಿನ ಸಮಿತಿಯ ಒಪ್ಪಿಗೆ ಪಡೆಯಬೇಕಿತ್ತು.

## ಬಾಗಿಲಲ್ಲಿ ಕೇಳುವ ಕಾಗದಪತ್ರ

ಲ್ಯಾಟಿನ್ (ರೋಮನ್) ವಿಧಿಯ ಕ್ಯಾಥೋಲಿಕ್ ಚರ್ಚಿನಲ್ಲಿ ಇವತ್ತು ನಡೆಯುವುದು 1983ರ ಕ್ಯಾನನ್ ಕಾನೂನು ಸಂಹಿತೆ, ಎಂದರೆ ಚರ್ಚಿನ ಒಳಗಿನ ಕಾನೂನು. ಅದು ಎಲ್ಲೆಗಳನ್ನು ಹಾಕುತ್ತದೆ. ಆ ಎಲ್ಲೆಯೊಳಗೆ ಪ್ರತಿ ಧಾರ್ಮಿಕ ಸಭೆಗೂ ತನ್ನದೇ ನಿಯಮಾವಳಿ ಇರುತ್ತದೆ.

ಆಸಕ್ತಿ ಇರುವವರು ಮೊದಲು ರಜೆಯಲ್ಲಿ ಕೆಲವು ದಿನ ಕಾನ್ವೆಂಟಿಗೆ ಬಂದು ನೋಡುತ್ತಾರೆ. ಇದಕ್ಕೆ ‘ದೇವಕರೆ ಶಿಬಿರ’ ಎನ್ನುವುದುಂಟು. ಮುಂದುವರಿಯುವುದಾದರೆ ಒಂದೆರಡು ವರ್ಷ ಅಭ್ಯರ್ಥಿಯಾಗಿ ಇರುತ್ತಾರೆ. ಪಿಯುಸಿ ಅಥವಾ ಡಿಗ್ರಿ ಮುಗಿಸುವುದು, ಇಂಗ್ಲಿಷ್ ಕಲಿಯುವುದು, ಹತ್ತಾರು ಮಂದಿಯ ನಡುವೆ ಒಂದೇ ಗಂಟೆಗೆ ಏಳುವುದು ಈ ಹೊತ್ತಿನ ಕೆಲಸ. ಅದಾದ ಮೇಲೆ ಆರು ತಿಂಗಳಿಂದ ಒಂದು ವರ್ಷ ಪೋಸ್ಚುಲೆಂಟ್, ಎಂದರೆ ನೊವಿಷಿಯೇಟಿಗೆ ಸಿದ್ಧವಾಗುವವರು. ಈ ಎರಡು ಹಂತಗಳ ಅವಧಿ ಸಭೆಯಿಂದ ಸಭೆಗೆ ಬದಲಾಗುತ್ತದೆ.

ನೊವಿಷಿಯೇಟಿಗೆ ಬಂದಾಗ ಮಾತ್ರ ನಿಯಮ ಬಿಗಿಯಾಗುತ್ತದೆ. ದೀಕ್ಷಾಸ್ನಾನದ ಪತ್ರ, ದೃಢೀಕರಣ ಸಂಸ್ಕಾರದ ಪತ್ರ, ಅವಿವಾಹಿತೆ ಎಂಬುದಕ್ಕೆ ಪುರಾವೆ ಬೇಕು. ಹಿಂದೆ ಬೇರೆ ಸಭೆಯಲ್ಲಿ ಇದ್ದು ಬಂದವರಾದರೆ ಅಲ್ಲಿನ ಸುಪೀರಿಯರ್ (ಮುಖ್ಯಸ್ಥೆ) ಪತ್ರವೂ ಬೇಕು. ಅದನ್ನು ಮುಚ್ಚಿಟ್ಟು ಸೇರಿದರೆ ಆ ಸೇರ್ಪಡೆಯೇ ಅಸಿಂಧು. 17 ತುಂಬದವರನ್ನು, ಮದುವೆಯ ಬಂಧನ ಇನ್ನೂ ಇರುವವರನ್ನು, ಹೆದರಿಸಿ ಅಥವಾ ಮೋಸದಿಂದ ಕರೆತಂದವರನ್ನು ತೆಗೆದುಕೊಂಡರೂ ಅದು ಸಿಂಧುವಲ್ಲ. ತೀರಿಸಲಾಗದ ಸಾಲ ಇರುವವರನ್ನು ಸೇರಿಸಿಕೊಳ್ಳಬಾರದು. ಈ ಕೊನೆಯ ನಿಯಮ ಕೇಳಿದಾಗ ನಗು ಬರಬಹುದು; ಆದರೆ ಸಾಲಗಾರರಿಂದ ತಪ್ಪಿಸಿಕೊಳ್ಳಲು ಮಠ ಸೇರುವುದು ಇತಿಹಾಸದಲ್ಲಿ ಅಪರೂಪವೇನಲ್ಲ.

ವೈದ್ಯಕೀಯ ತಪಾಸಣೆ ಇರುತ್ತದೆ. ಪಾರಿಷ್ ಗುರುಗಳ ಪತ್ರ ಕೇಳುತ್ತಾರೆ. ಮನೆಗೆ ಒಬ್ಬಳೇ ಮಗಳು, ತಂದೆತಾಯಿಗೆ ಬೇರೆ ಆಸರೆ ಇಲ್ಲ ಎಂದಾದರೆ ಈ ಮಾತನ್ನು ಇಲ್ಲೇ ಎತ್ತಿ ಮುಗಿಸಬೇಕು. ಹದಿನೈದು ವರ್ಷ ಕಳೆದು ಅಪ್ಪನಿಗೆ ಲಕ್ವ ಹೊಡೆದಾಗ ಎತ್ತಿದರೆ ತಡವಾಗಿರುತ್ತದೆ.

## ನೊವಿಷಿಯೇಟ್: ಹನ್ನೆರಡು ತಿಂಗಳ ಎಣಿಕೆ

ವ್ರತ ತೊಡುವ ಮುನ್ನಿನ ಈ ಪರೀಕ್ಷಾ ಕಾಲ ಕನಿಷ್ಠ 12 ತಿಂಗಳು. ಬಹಳಷ್ಟು ಸಭೆಗಳಲ್ಲಿ ಎರಡು ವರ್ಷ. ಅದಕ್ಕಿಂತ ಉದ್ದ ಎಳೆಯುವಂತಿಲ್ಲ. ನಿರ್ಧಾರವಾಗದೆ ಅನುಮಾನ ಉಳಿದರೆ ಗರಿಷ್ಠ ಆರು ತಿಂಗಳು ಮಾತ್ರ ಸೇರಿಸಬಹುದು.

ಹನ್ನೆರಡು ತಿಂಗಳನ್ನು ಗೊತ್ತುಪಡಿಸಿದ ಮನೆಯಲ್ಲೇ ಕಳೆಯಬೇಕು. 15 ದಿನಕ್ಕಿಂತ ಹೆಚ್ಚು ಹೊರಗಿದ್ದರೆ ಆ ದಿನಗಳನ್ನು ತುಂಬಿಕೊಡಬೇಕು. ಒಟ್ಟು ಮೂರು ತಿಂಗಳು ಮೀರಿದರೆ, ಒಟ್ಟಿಗೆ ಹೋಗಿರಲಿ ಬಿಡಿಬಿಡಿಯಾಗಿ ಹೋಗಿರಲಿ, ನೊವಿಷಿಯೇಟೇ ಅಸಿಂಧು, ಮೊದಲಿಂದ ಶುರುಮಾಡಬೇಕು. ಟೈಫಾಯ್ಡ್ ಬಂದು ಮನೆಗೆ ಹೋದದ್ದು, ಅಕ್ಕನ ಮದುವೆ, ಅಜ್ಜಿಯ ಸಾವು ಎಲ್ಲವೂ ಈ ಲೆಕ್ಕಕ್ಕೆ ಬರುತ್ತವೆ. ಆದ್ದರಿಂದ ನೊವಿಸರ (ನೊವಿಷಿಯೇಟಿನಲ್ಲಿರುವವರ) ಉಸ್ತುವಾರಿ ಹೊತ್ತ ಸಿಸ್ಟರ್ ಹತ್ತಿರ ರಜೆಯ ಪುಸ್ತಕ ಇದ್ದೇ ಇರುತ್ತದೆ. ಎಣಿಕೆ ತಪ್ಪಿ ಅಸಿಂಧು ನೊವಿಷಿಯೇಟಿನ ಮೇಲೆ ವ್ರತ ತೊಟ್ಟರೆ ಆ ವ್ರತವೂ ನಿಲ್ಲುವುದಿಲ್ಲ.

ಈ ಅವಧಿಯಲ್ಲಿ ಡಿಗ್ರಿ ಓದು, ನೌಕರಿ ಹೇರಬಾರದು. ಬೆಳಗ್ಗೆ ಐದರ ಹೊತ್ತಿಗೆ ಗಂಟೆ, ಮೌನದಲ್ಲಿ ಧ್ಯಾನ, ಬಲಿಪೂಜೆ (ಮಾಸ್), ತಿಂಡಿ, ಗುಡಿಸುವುದು ಒರೆಸುವುದು, ಬೈಬಲ್ ಮತ್ತು ಸಭೆಯ ನಿಯಮಾವಳಿಯ ಪಾಠ, ಮಧ್ಯಾಹ್ನದ ಮೇಲೆ ತೋಟ ಅಥವಾ ಹೊಲಿಗೆ, ಸಂಜೆ ಜಪಸರ, ರಾತ್ರಿಯೂಟದ ನಂತರ ಬೆಳಗಿನವರೆಗೆ ಮೌನ. ಮೊಬೈಲ್ ಇರುವುದಿಲ್ಲ ಅಥವಾ ವಾರಕ್ಕೋ ತಿಂಗಳಿಗೋ ಒಮ್ಮೆ ಮನೆಗೆ ಮಾತಾಡಲು ಕೊಡುತ್ತಾರೆ. ಹೊಸಬರನ್ನು ಕಾಡುವುದು ಸಾಮಾನ್ಯವಾಗಿ ಉಪವಾಸವೋ ನಿದ್ದೆಗೇಡೋ ಅಲ್ಲ. ಹೊತ್ತು ಹೊತ್ತಿಗೆ ಗಂಟೆ ಬಾರಿಸಿದಾಗ ಕೈಯಲ್ಲಿರುವ ಕೆಲಸವನ್ನು ಅರ್ಧಕ್ಕೇ ಬಿಟ್ಟು ಏಳಬೇಕಲ್ಲ, ಅದು.

ಕಟ್ಟುನಿಟ್ಟಿನ ಜೊತೆಗೆ ರಕ್ಷಣೆಯೂ ಇದೆ. ಪಾಪನಿವೇದನೆ ಯಾರ ಬಳಿ ಮಾಡಬೇಕೆಂಬುದರಲ್ಲಿ ಸ್ವಾತಂತ್ರ್ಯ ಕೊಡಬೇಕು. ಮನಸ್ಸಿನೊಳಗಿನದನ್ನು ತನ್ನ ಮುಂದೆ ಬಿಚ್ಚಿಡು ಎಂದು ಸುಪೀರಿಯರ್ ಯಾವ ರೀತಿಯಲ್ಲೂ ಒತ್ತಾಯಿಸುವಂತಿಲ್ಲ. ನೊವಿಸ್ ಯಾವ ದಿನ ಬೇಕಾದರೂ ಮನೆಗೆ ಹೋಗಬಹುದು. ಸಭೆಯೂ ಆಕೆಯನ್ನು ಕಳಿಸಿಬಿಡಬಹುದು.

## ತಿರಸ್ಕೃತಳಾದವಳು, ಮಂಗಳೂರಿನಲ್ಲಿ ವ್ರತ ತೊಟ್ಟವಳು

ಕಳಿಸಿಬಿಡುವುದು ಎಂದರೆ ಅಯೋಗ್ಯಳೆಂದು ಷರಾ ಬರೆದಂತೆ ಎಂದು ಊರವರು ತಿಳಿಯುತ್ತಾರೆ. ಅದು ಹಾಗಲ್ಲ ಎನ್ನುವುದಕ್ಕೆ ಮರಿಯಂ ಬವಾರ್ದಿಯ ಬದುಕು ನೋಡಬೇಕು. 1846ರಲ್ಲಿ ನಜರೇತಿನ ಹತ್ತಿರದ ಇಬಿಲಿನ್ ಎಂಬಲ್ಲಿ ಹುಟ್ಟಿದ ಅರಬ್ ಹೆಣ್ಣುಮಗಳು. ತಬ್ಬಲಿ, ಓದು ಬರಹ ಅಷ್ಟಕ್ಕಷ್ಟೆ, ಊರೂರಲ್ಲಿ ಮನೆಗೆಲಸ ಮಾಡಿ ಬೆಳೆದವಳು. 1865ರಲ್ಲಿ ಫ್ರಾನ್ಸಿನ ಮಾರ್ಸೇಯ್‌ನಲ್ಲಿ ಸಂತ ಜೋಸೆಫರ ಸಭೆಯೊಂದನ್ನು ಸೇರಿದಳು. ಎರಡು ವರ್ಷ ಕಳೆದ ಮೇಲೆ ಮತಕ್ಕೆ ಹಾಕಿದಾಗ ಆಕೆಯನ್ನು ಉಳಿಸಿಕೊಳ್ಳುವುದು ಬೇಡ ಎಂದಾಯಿತು. ಅದೇ 1867ರಲ್ಲಿ ಪೋ ಪಟ್ಟಣದ ಕಾರ್ಮೆಲ್ ಮಠ ಆಕೆಗೆ ಬಾಗಿಲು ತೆರೆಯಿತು.

1870ರಲ್ಲಿ ಆ ಮಠದಿಂದ ಮಂಗಳೂರಿಗೆ ಸನ್ಯಾಸಿನಿಯರ ತಂಡ ಹೊರಟಿತು. ಇನ್ನೂ ನೊವಿಸ್ ಆಗಿದ್ದ ಮರಿಯಂ ಅದರಲ್ಲಿದ್ದಳು. ಮಂಗಳೂರು ತಲುಪುವ ಮುನ್ನವೇ ತಂಡದ ಮೂವರು ತೀರಿಕೊಂಡರು. ಬೇರೆಯವರು ಬಂದು ಸೇರಿದ ಮೇಲೆ ವರ್ಷದ ಕೊನೆಗೆ ಮಠಜೀವನ ಆರಂಭವಾಯಿತು. 1871ರ ನವೆಂಬರ್ 21ರಂದು ಮರಿಯಂ ಮಂಗಳೂರಿನಲ್ಲೇ ವ್ರತ ತೊಟ್ಟಳು. ಅಷ್ಟರಲ್ಲಿ ಆಕೆಯ ಅಸಾಧಾರಣ ಧ್ಯಾನಾನುಭವಗಳ ಬಗ್ಗೆ ಮೇಲಿನವರಿಗೆ ಸಂಶಯ ಹುಟ್ಟಿ, 1872ರಲ್ಲಿ ಪೋ ಮಠಕ್ಕೆ ವಾಪಸು ಕಳಿಸಿದರು. ಆಮೇಲೆ ಬೆತ್ಲೆಹೇಮಿನಲ್ಲಿ ಕಾರ್ಮೆಲ್ ಕಟ್ಟುವ ಕೆಲಸಕ್ಕೆ ಹೋಗಿ, 1878ರಲ್ಲಿ ಅಲ್ಲೇ ತೀರಿಕೊಂಡಳು. 2015ರ ಮೇ 17ರಂದು ಪೋಪ್ ಫ್ರಾನ್ಸಿಸ್ ಆಕೆಯನ್ನು ಸಂತಳೆಂದು ಘೋಷಿಸಿದರು. ಒಂದು ಸಭೆ ಬೇಡವೆಂದಿತು, ಇನ್ನೊಂದರಲ್ಲೂ ಅನುಮಾನ ಬೆನ್ನು ಬಿಡಲಿಲ್ಲ. ಆದರೂ ಪರೀಕ್ಷಿಸುವ ಅಧಿಕಾರ ಅವರಿಗಿತ್ತು ಎಂಬುದನ್ನು ಚರ್ಚ್ ಇವತ್ತಿಗೂ ಅಲ್ಲಗಳೆಯುವುದಿಲ್ಲ.

## ಮೂರು ವ್ರತಗಳು, ದಿನಬಳಕೆಯಲ್ಲಿ

ಬಡತನ. ಮೊದಲ ವ್ರತಕ್ಕೆ ಮುನ್ನ ಆಕೆ ತನ್ನ ಆಸ್ತಿಯ ಆಡಳಿತವನ್ನು ತನಗೆ ಬೇಕಾದವರಿಗೆ, ಅಣ್ಣನಿಗೋ ತಾಯಿಗೋ, ಬಿಟ್ಟುಕೊಡಬೇಕು. ಅದರ ಉತ್ಪನ್ನ ಯಾರಿಗೆ ಎಂದೂ ಬರೆಯಬೇಕು. ಗಮನಿಸಿ, ಬಿಟ್ಟುಕೊಡುವುದು ಆಡಳಿತವನ್ನು. ಒಡೆತನ ಆಕೆಯದೇ. ಅಂತಿಮ ವ್ರತಕ್ಕೆ ಮೊದಲಾದರೂ ದೇಶದ ಕಾನೂನಿಗೆ ಒಪ್ಪುವ ಉಯಿಲು ಬರೆಯಬೇಕು. ಒಡೆತನವನ್ನೇ ಬಿಡಬೇಕಾದರೆ ಸಭೆಯ ನಿಯಮಾವಳಿ ಅದಕ್ಕೆ ಅವಕಾಶ ಕೊಟ್ಟಿರಬೇಕು, ಇಡೀ ಸಭೆಯ ಮುಖ್ಯಸ್ಥೆಯಾದ ಮದರ್ ಜನರಲ್ ಅನುಮತಿಯೂ ಬೇಕು.

ಇಲ್ಲೇ ದೊಡ್ಡ ತಪ್ಪು ಆಗುವುದು. ‘ಅವಳು ಹೇಗೂ ಸಿಸ್ಟರ್ ಆಗುತ್ತಾಳಲ್ಲ’ ಎಂದು ಮನೆಯವರು ಮೊದಲ ವ್ರತದ ಹೊತ್ತಿಗೇ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿ ನೋಂದಣಿ ಮಾಡಿಸುತ್ತಾರೆ. ಚರ್ಚ್ ಅದನ್ನು ಕೇಳಿರುವುದಿಲ್ಲ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಲ್ಲಿ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಸಮಪಾಲಿದೆ. ನಾಲ್ಕು ವರ್ಷದ ನಂತರ ಆಕೆ ಹೊರಬಂದರೆ ಕಾನ್ವೆಂಟಿನಲ್ಲೂ ಪಾಲಿಲ್ಲ, ಮನೆಯಲ್ಲೂ ಇಲ್ಲ.

ವ್ರತದ ನಂತರ ದುಡಿದದ್ದು ಮಾತ್ರ ಸಭೆಯದು. ಸಂಬಳ ಸೇರುವುದು ಅಲ್ಲಿಗೆ. ಪಿಂಚಣಿ, ವಿಮೆಯ ಹಣ ಕೂಡ ಸಭೆಯ ನಿಯಮ ಬೇರೆ ಹೇಳದಿದ್ದರೆ ಅಲ್ಲಿಗೇ. ಬದಲಿಗೆ ಊಟ, ಬಟ್ಟೆ, ಔಷಧ, ಓದು, ಮುಪ್ಪಿನ ಆರೈಕೆ ಎಲ್ಲವನ್ನೂ ನೋಡಿಕೊಳ್ಳುವುದು ಸಭೆಯ ಕರ್ತವ್ಯ. ಕೈಖರ್ಚಿಗೆ ತಿಂಗಳಿಗೆ ಚಿಕ್ಕ ಮೊತ್ತ ಸಿಗುತ್ತದೆ, ಅದಕ್ಕೂ ಲೆಕ್ಕ ಬರೆಯಬೇಕು. ಸುಪ್ರೀಂ ಕೋರ್ಟ್ ಮುಂದಿದ್ದ ವಾದ ಇದೇ: ಹಣ ಆಕೆಗೆ ಸೇರುವುದೇ ಇಲ್ಲವಲ್ಲ ಎಂದು. 2019ರಲ್ಲಿ ಮದ್ರಾಸ್ ಹೈಕೋರ್ಟ್ ಇದನ್ನು ಒಪ್ಪಿರಲಿಲ್ಲ, ಸುಪ್ರೀಂ ಕೋರ್ಟ್ ಆ ತೀರ್ಪಿನ ಮೇಲಿನ ಮೇಲ್ಮನವಿಗಳನ್ನು ವಜಾ ಮಾಡಿತು. ನೌಕರಿ ಆಕೆಯ ಹೆಸರಲ್ಲಿದೆ, ಸಂಬಳವೂ ಆಕೆಯ ಹೆಸರಲ್ಲೇ ಹುಟ್ಟುತ್ತದೆ. ಆಮೇಲೆ ಯಾರಿಗೆ ಕೊಟ್ಟರೂ ತೆರಿಗೆಯ ಲೆಕ್ಕಕ್ಕೆ ಅದು ಆಕೆಯ ಆದಾಯವೇ.

ಬ್ರಹ್ಮಚರ್ಯ. ಹೊರಗಿನವರು ಮೊದಲು ಕೇಳುವುದು ಇದರ ಬಗ್ಗೆಯೇ. ಅಂತಿಮ ವ್ರತ ತೊಟ್ಟವರು ಅದರಿಂದ ಬಿಡುಗಡೆ ಪಡೆಯದೆ ಮದುವೆಯಾದರೆ ಚರ್ಚ್ ಆ ಮದುವೆಯನ್ನು ಮಾನ್ಯ ಮಾಡುವುದಿಲ್ಲ.

ವಿಧೇಯತೆ. ಕಷ್ಟ ಅಂತ ಒಂದನ್ನು ಹೆಸರಿಸಬೇಕಾದರೆ ಇದನ್ನೇ ಹೆಸರಿಸಬೇಕು. ಶಾಲೆಗೆ ಬೇಸಿಗೆ ರಜೆ ಬರುವ ಹೊತ್ತಿಗೆ ವರ್ಗಾವಣೆಯ ಪತ್ರಗಳು ಬರುತ್ತವೆ. ಮೂಡಿಗೆರೆಯಲ್ಲಿ ಏಳು ವರ್ಷ ಮಕ್ಕಳಿಗೆ ಗಣಿತ ಹೇಳಿಕೊಟ್ಟವರು ಜೂನ್ ಮೊದಲ ವಾರ ಜಾರ್ಖಂಡಿನ ಹಳ್ಳಿಯ ಹಾಸ್ಟೆಲಿನಲ್ಲಿರಬೇಕು. ಭಾಷೆ ಹೊಸದು, ಕೆಲಸ ಹೊಸದು, ಮೇಲಿರುವ ಸುಪೀರಿಯರ್ ತನಗಿಂತ ಹತ್ತು ವರ್ಷ ಚಿಕ್ಕವರು. ಒಳ್ಳೆಯ ಸಭೆಗಳಲ್ಲಿ ಪ್ರೊವಿನ್ಶಿಯಲ್ (ಸಭೆಯ ಆ ಪ್ರಾಂತ್ಯದ ಮುಖ್ಯಸ್ಥೆ) ಮೊದಲೇ ಕರೆದು ಮಾತಾಡುತ್ತಾರೆ, ಆರೋಗ್ಯ ಮತ್ತು ಮನೆಯ ಸ್ಥಿತಿ ಕೇಳುತ್ತಾರೆ. ಕೊನೆಯ ಮಾತು ಮಾತ್ರ ಅವರದು. ಹಾಗೆಂದು ಅಧಿಕಾರಕ್ಕೆ ಎಲ್ಲೆ ಇಲ್ಲದಿಲ್ಲ: ಸಭೆಯ ನಿಯಮಾವಳಿಗೆ ಒಳಪಟ್ಟ ಆಜ್ಞೆಗೆ ಮಾತ್ರ ಈ ವ್ರತ ಕಟ್ಟುತ್ತದೆ, ಮತ್ತು ಸುಪೀರಿಯರ್ ಹುದ್ದೆಗಳಿಗೆ ಅವಧಿ ಇರುತ್ತದೆ.

## ತಾತ್ಕಾಲಿಕದಿಂದ ಅಂತಿಮಕ್ಕೆ

ಮೊದಲ ವ್ರತಕ್ಕೆ 18 ತುಂಬಿರಬೇಕು. ಅದು ಜೀವಮಾನದ್ದಲ್ಲ, ನಿಗದಿತ ಅವಧಿಯದು. ಹಲವು ಸಭೆಗಳಲ್ಲಿ ವರ್ಷ ವರ್ಷವೂ ನವೀಕರಿಸುತ್ತಾರೆ. ಹೀಗೆ ಕನಿಷ್ಠ ಮೂರು ವರ್ಷ, ಸಾಮಾನ್ಯ ಮಿತಿ ಆರು, ವಿಶೇಷ ಸಂದರ್ಭದಲ್ಲಿ ಎಳೆದರೂ ಒಟ್ಟು ಒಂಬತ್ತು. ಅಂತಿಮ ವ್ರತಕ್ಕೆ 21 ವಯಸ್ಸಾಗಿರಬೇಕು. ಕ್ಲೋಯ್ಸ್ಟರ್ ಮಠಗಳ ಸನ್ಯಾಸಿನಿಯರಿಗೆ 2018ರಿಂದ ಹೊಸ ನಿಯಮ ಬಂದು, ಒಟ್ಟು ತರಬೇತಿ ಒಂಬತ್ತು ವರ್ಷಕ್ಕಿಂತ ಕಡಿಮೆ ಇರಬಾರದು, ಹನ್ನೆರಡು ಮೀರಬಾರದು ಎಂದಾಗಿದೆ.

ಶ್ರವಣಬೆಳಗೊಳದ ಕಡೆಯವರಿಗೆ ಈ ಮೆಟ್ಟಿಲುಗಳು ಹೊಸದೆನಿಸಲಾರವು. ದಿಗಂಬರ ಜೈನರಲ್ಲಿ ಕ್ಷುಲ್ಲಕ, ಐಲಕ, ಮುನಿ ಎಂದು ಒಂದೊಂದೇ ಬಿಡುತ್ತಾ ಹೋಗುವ ಕ್ರಮವಿದೆ. ವ್ಯತ್ಯಾಸವೆಂದರೆ, ಕ್ಯಾಥೋಲಿಕ್ ಸಿಸ್ಟರ್‌ಗಳಲ್ಲಿ ಮೆಟ್ಟಿಲು ಏರಿದಂತೆ ನಿಯಮ ಹೆಚ್ಚುವುದಿಲ್ಲ. ಮೊದಲ ವ್ರತದ ದಿನದಿಂದಲೇ ಮೂರೂ ವ್ರತ ಪೂರ್ತಿ ಲಾಗೂ, ಬದಲಾಗುವುದು ಅವಧಿಯೊಂದೇ.

## ಎಲ್ಲಿ ಎಡವುತ್ತಾರೆ

ಓದಿಸುತ್ತಾರೆ ಎಂಬ ಕಾರಣಕ್ಕೆ ಸೇರುವುದು ಒಂದು. ನರ್ಸಿಂಗೋ ಬಿ.ಇಡಿಯೋ ಮುಗಿಯುತ್ತಿದ್ದಂತೆ ಸೇರಿದ ಕಾರಣವೂ ಮುಗಿದಿರುತ್ತದೆ. ಮನೆಯವರು ಹರಕೆ ಹೊತ್ತಿದ್ದಾರೆಂದು ಬಂದವರ ಪಾಡು ಇನ್ನೂ ಕಷ್ಟ: ಬಿಟ್ಟುಬರಲು ಸಭೆ ತಡೆಯುವುದಿಲ್ಲ, ಅಮ್ಮ ತಡೆಯುತ್ತಾರೆ.

ಎರಡನೆಯದು ನವೀಕರಣ ಅಭ್ಯಾಸವಾಗಿಬಿಡುವುದು. ವರ್ಷಕ್ಕೊಮ್ಮೆ ಅರ್ಜಿ ಬರೆಯಬೇಕು, ಸ್ವಂತ ಕೈಯಲ್ಲಿ. ಕಳೆದ ವರ್ಷದ್ದನ್ನೇ ನೋಡಿ ನಕಲು ಮಾಡಿದ ಅರ್ಜಿ ನೋಡಿದರೆ ಅನುಭವಸ್ಥ ಸುಪೀರಿಯರ್ ಕರೆದು ಕೂರಿಸಿ ಕೇಳುತ್ತಾರೆ. ಕೇಳದಿದ್ದರೆ ಐದು ವರ್ಷ ಹೇಳದೆ ಕೇಳದೆ ಕಳೆದುಹೋಗುತ್ತದೆ.

ಮೂರನೆಯದು ಕಾಯಿಲೆ ಮುಚ್ಚಿಡುವುದು, ಅದರಲ್ಲೂ ಖಿನ್ನತೆ. ದೇಹದ್ದಾಗಲಿ ಮನಸ್ಸಿನದಾಗಲಿ, ಈ ಜೀವನಕ್ಕೆ ಆಗದಂಥ ಕಾಯಿಲೆ ಎಂದು ತಜ್ಞರು ಹೇಳಿದರೆ ಮುಂದಿನ ವ್ರತಕ್ಕೆ ಒಪ್ಪಿಗೆ ಕೊಡದಿರಬಹುದು. ಆದರೆ ಸಭೆಯ ಅಲಕ್ಷ್ಯದಿಂದ ಅಥವಾ ಸಭೆ ಕೊಟ್ಟ ಕೆಲಸದಿಂದಲೇ ಕಾಯಿಲೆ ಬಂದಿದ್ದರೆ ಆ ಕಾರಣ ಹೇಳಿ ಕಳಿಸುವಂತಿಲ್ಲ. ಈ ವಿನಾಯಿತಿ ಬಹಳ ಮಂದಿ ಕಿರಿಯ ಸಿಸ್ಟರ್‌ಗಳಿಗೆ ತಿಳಿದಿರುವುದಿಲ್ಲ.

## ಹೊರಬರಬೇಕಾದರೆ

ತಾತ್ಕಾಲಿಕ ವ್ರತದ ಅವಧಿ ತೀರಿದ ದಿನ ಯಾರ ಅನುಮತಿಯೂ ಬೇಡ, ನವೀಕರಿಸದಿದ್ದರಾಯಿತು. ನಡುವೆ ಬಿಡಬೇಕಾದರೆ ಮದರ್ ಜನರಲ್ ತಮ್ಮ ಸಲಹಾ ಮಂಡಳಿಯ ಒಪ್ಪಿಗೆಯೊಂದಿಗೆ ಬಿಡುಗಡೆ ಕೊಡಬಹುದು. ಅಂತಿಮ ವ್ರತದ ನಂತರ ಅರ್ಜಿ ಮೇಲಕ್ಕೆ ಹೋಗುತ್ತದೆ: ಸಭೆ ಪೋಪರ ನೇರ ಮಾನ್ಯತೆ ಪಡೆದದ್ದಾದರೆ ರೋಮಿಗೆ, ಧರ್ಮಪ್ರಾಂತ್ಯದ ಮಟ್ಟದ್ದಾದರೆ ಬಿಷಪರಿಗೆ. ತಕ್ಷಣ ತೀರ್ಮಾನ ಬೇಡ ಎನ್ನುವವರಿಗೆ ಐದು ವರ್ಷದವರೆಗೆ ಸಭೆಯ ಹೊರಗಿದ್ದು ಯೋಚಿಸಲು ಅನುಮತಿ ಸಿಗಬಹುದು.

ಸಭೆಯೇ ವಜಾ ಮಾಡುವುದಾದರೆ ಸಾಮಾನ್ಯವಾಗಿ ಬರಹದಲ್ಲಿ ಅಥವಾ ಸಾಕ್ಷಿಗಳ ಮುಂದೆ ಎರಡು ಎಚ್ಚರಿಕೆ ಕೊಡಬೇಕು, ನಡುವೆ ಕನಿಷ್ಠ 15 ದಿನ ಅಂತರ ಇರಬೇಕು, ಸಮಜಾಯಿಷಿಗೆ ಪೂರ್ಣ ಅವಕಾಶ ಇರಬೇಕು. ವಜಾ ಆದೇಶದ ವಿರುದ್ಧ ಮೇಲ್ಮನವಿಗೆ ಮೊದಲು ಹತ್ತೇ ದಿನ ಇತ್ತು. 2023ರಲ್ಲಿ ಪೋಪ್ ಫ್ರಾನ್ಸಿಸ್ ಅದನ್ನು 30 ದಿನಕ್ಕೆ ಏರಿಸಿದರು.

ದುಡಿದ ವರ್ಷಗಳಿಗೆ ಹಣ ಕೇಳುವ ಹಕ್ಕು ಕ್ಯಾನನ್ ಕಾನೂನಿನಲ್ಲಿಲ್ಲ. ಹೊರಹೋಗುವವರ ವಿಷಯದಲ್ಲಿ ಸಭೆ ನ್ಯಾಯದಿಂದ, ಪ್ರೀತಿಯಿಂದ ನಡೆದುಕೊಳ್ಳಬೇಕು ಎಂದಷ್ಟೇ ಇದೆ. ಎಷ್ಟು ಕೊಡಬೇಕೆಂದು ಇಲ್ಲ. ಆದ್ದರಿಂದ ಮಾತುಕತೆಯ ಹೊತ್ತಿಗೆ ಕೈಗೆ ತೆಗೆದುಕೊಳ್ಳಬೇಕಾದ ಕಾಗದಗಳು ಇವು: ಬಿಡುಗಡೆಯ ಆದೇಶ, ಅಂಕಪಟ್ಟಿ ಮತ್ತು ಪದವಿ ಪತ್ರಗಳ ಮೂಲ ಪ್ರತಿ, ಶಾಲೆ ಅಥವಾ ಆಸ್ಪತ್ರೆಯಲ್ಲಿ ದುಡಿದ ವರ್ಷಗಳ ಸೇವಾ ಪ್ರಮಾಣಪತ್ರ, ಭವಿಷ್ಯನಿಧಿ ಇದ್ದರೆ ಅದರ ಖಾತೆ ಸಂಖ್ಯೆ, ವ್ರತದಲ್ಲಿ ಹೆಸರು ಬದಲಾಗಿದ್ದರೆ ಎರಡೂ ಹೆಸರು ಒಬ್ಬರದೇ ಎಂಬ ಅಫಿಡವಿಟ್, ಮೊದಲ ವ್ರತಕ್ಕೆ ಮುನ್ನ ಆಸ್ತಿಯ ಆಡಳಿತ ಬಿಟ್ಟುಕೊಟ್ಟ ಪತ್ರದ ಪ್ರತಿ. ವ್ರತದಿಂದ ಬಿಡುಗಡೆಯಾದರೆ ಆ ಆಡಳಿತ ಮತ್ತೆ ಆಕೆಯ ಕೈಗೇ ಬರಬೇಕು. ಪತ್ರ ಬರೆಯುವಾಗಲೇ ಇದನ್ನು ಒಂದು ಸಾಲಿನಲ್ಲಿ ಸೇರಿಸಿಕೊಂಡಿದ್ದರೆ ಅಣ್ಣತಮ್ಮಂದಿರ ಜೊತೆ ಕೋರ್ಟು ಹತ್ತುವ ಪ್ರಮೇಯ ಬರುವುದಿಲ್ಲ.